ನಾಲ್ಕು ವ್ಯಾಟಿನ ದನಿ, ಸಾವಿರ ಮೈಲಿನ ಹಾದಿ

ಅಮೆರಿಕದ ಸಣ್ಣ ಊರುಗಳಲ್ಲಿ ಕೆಲವು ಮನೆಗಳ ಮೇಲೆ ಒಂದು ವಿಚಿತ್ರ ವಸ್ತು ಕಾಣಸಿಗುತ್ತದೆ. ಎತ್ತರದ ಕಂಬ, ಅದರ ತುದಿಯಲ್ಲಿ ಅಡ್ಡ ಮಲಗಿದ ಕೊಳವೆ, ಆ ಕೊಳವೆಗೆ ಮೀನಿನ ಮುಳ್ಳಿನಂತೆ ಸಿಕ್ಕಿಸಿದ ಅಲ್ಯುಮಿನಿಯಮ್ ಸರಳುಗಳು. ನಮ್ಮ ಹಳೆಯ ಟೆಲಿವಿಷನ್ ಆಂಟೆನಾದ ಹಿರಿಯಣ್ಣನಂತೆ ತೋರುವ ಇದರ ಒಂದೊಂದು ಸರಳೂ ಸುಮಾರು 18 ಅಡಿ ಉದ್ದ. ಕೆಳಗೆ ಕೋಣೆಯಲ್ಲಿ, ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಯ ಮುಂದೆ ಮನೆಯ ಯಜಮಾನ ಕುಳಿತು, ಕಂಡರಿಯದ ಯಾವನೊಡನೆಯೋ ಹರಟುತ್ತಿರುತ್ತಾನೆ. ಇದೇ ಸಿಟಿಜನ್ಸ್ ಬ್ಯಾಂಡ್ ರೇಡಿಯೋ; ಜನರ ಬಾಯಲ್ಲಿ ಸಿ.ಬಿ.

1958ರಲ್ಲಿ ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 27 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಸಾಮಾನ್ಯ ಜನರ ಮಾತುಕತೆಗೆ ಬಿಟ್ಟುಕೊಟ್ಟಿತು. 1973ರ ತೈಲದ ಮುಗ್ಗಟ್ಟು, ಅದರ ಬೆನ್ನಿಗೇ ಬಂದ ಗಂಟೆಗೆ 55 ಮೈಲಿನ ವೇಗಮಿತಿ, ಇವೆರಡೂ ಸೇರಿ ಸಿ.ಬಿ.ಯನ್ನು ಮನೆಮಾತು ಮಾಡಿದವು. ಎಲ್ಲಿ ಇಂಧನ ದೊರೆಯುತ್ತದೆ, ಎಲ್ಲಿ ಪೊಲೀಸರು ಹೊಂಚಿ ನಿಂತಿದ್ದಾರೆ ಎಂಬುದನ್ನು ಲಾರಿ ಚಾಲಕರು ಒಬ್ಬರಿಗೊಬ್ಬರು ತಿಳಿಸುತ್ತ ಹೋದರು. 23 ಇದ್ದ ಚಾನೆಲ್‌ಗಳು 1977ರಲ್ಲಿ 40 ಆದವು. ಆದರೆ ಕಾನೂನು ಕೊಟ್ಟ ಶಕ್ತಿ ಮಾತ್ರ ಅತ್ಯಲ್ಪ: ಸಾಧಾರಣ ಎ.ಎಂ. ವಿಧಾನದಲ್ಲಿ 4 ವ್ಯಾಟ್, ಸಿಂಗಲ್ ಸೈಡ್‌ಬ್ಯಾಂಡ್ ವಿಧಾನದಲ್ಲಿ 12 ವ್ಯಾಟ್. ಹಿಂದೆ ನಾವು ರಾತ್ರಿ ಉರಿಸುತ್ತಿದ್ದ ಝೀರೋ ಬಲ್ಬು ಕೂಡ ನಾಲ್ಕು ವ್ಯಾಟಿಗಿಂತ ಹೆಚ್ಚು ನುಂಗುತ್ತಿತ್ತು!

ಇಷ್ಟರಿಂದ ಹತ್ತಿಪ್ಪತ್ತು ಮೈಲು ಮಾತಾಡಬಹುದು. ಹಾಗಿದ್ದೂ ಓಹಾಯೋದ ದನಿ ಕ್ಯಾಲಿಫೋರ್ನಿಯದಲ್ಲಿ ಕೇಳಿಸುವುದುಂಟು. ಕೆರೆಯ ದಂಡೆಯಲ್ಲಿ ನಿಂತ ಹುಡುಗರು ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ನೀರಿನ ಮೇಲೆ ಚಿಮ್ಮಿಸುವುದನ್ನು ವಾಚಕರು ಕಂಡಿರುತ್ತಾರೆ. ರೇಡಿಯೋ ಅಲೆಯೂ ಹಾಗೆಯೇ ಮೇಲೇರಿ, ಸೂರ್ಯಕಿರಣಗಳಿಂದ ವಿದ್ಯುದಾವೇಶ ಪಡೆದ ಅಯಾನುಗೋಳದ ಪದರಕ್ಕೆ ತಗುಲಿ, ಬಾಗಿ, ಸಾವಿರಾರು ಮೈಲಿನಾಚೆ ನೆಲಕ್ಕಿಳಿಯುತ್ತದೆ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚುತ್ತವೆ. ಆಗ ಈ ಹಾದಿ ಹಗಲಿಡೀ ತೆರೆದಿರುವುದುಂಟು. ಕಲೆಗಳು ಕುಗ್ಗಿದ ವರ್ಷಗಳಲ್ಲಿ ಎಂಥ ಆಂಟೆನಾ ಏರಿಸಿದರೂ ಆಕಾಶ ಬಾಯಿಬಿಡದ ದಿನಗಳೇ ಹೆಚ್ಚು. ಅಂಗಡಿಯವರು ಈ ಸಂಗತಿಯನ್ನು ಮೊದಲು ಹೇಳುವುದಿಲ್ಲವೆಂಬುದು ಬೇರೆ ಮಾತು. 155 ಮೈಲಿಗೆ ಮೀರಿ ಮಾತಾಡಕೂಡದೆಂಬ ನಿಯಮವೊಂದು ಅಲ್ಲಿ ಬಹುಕಾಲ ಇತ್ತು, ಪಾಲಿಸಿದವರು ಕಡಿಮೆ. 2017ರಲ್ಲಿ ಕಮಿಷನ್ ಅದನ್ನು ತೆಗೆದುಹಾಕಿತು. ಇಂದು ದೂರದ ಹರಟೆ ಅಪರಾಧವಲ್ಲ. ಅಪರಾಧವಾಗುವುದು ಪೆಟ್ಟಿಗೆಯ ಹಿಂದೆ ಕದ್ದು ಜೋಡಿಸುವ ನೂರಾರು ವ್ಯಾಟಿನ ಶಕ್ತಿವರ್ಧಕ. ಆದ್ದರಿಂದ ಕಾನೂನಿನೊಳಗಿದ್ದು ದೂರ ಮುಟ್ಟಬೇಕೆನ್ನುವವನ ಕೈಯಲ್ಲಿ ಉಳಿದಿರುವ ಮುಖ್ಯ ಸಾಧನವೆಂದರೆ ಆಂಟೆನಾ.

ದಿಕ್ಕಿನ ಆಂಟೆನಾ ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ಲಾಂದ್ರದ ಹಿಂದೆ ಕನ್ನಡಿ ಇಟ್ಟರೆ ಎಣ್ಣೆ ಹೆಚ್ಚು ಉರಿಯದೆಯೇ ಮುಂದಿನ ದಾರಿ ಬೆಳಗುವುದಲ್ಲವೆ? ಹಿಂದಿನ ಸರಳು ಆ ಕನ್ನಡಿ, ನಡುವಿನದು ದೀಪ, ಮುಂದಿನವು ಬೆಳಕನ್ನು ಇನ್ನಷ್ಟು ಕೂಡಿಸುವ ಮಸೂರ. ಇದನ್ನು ಕಂಡುಹಿಡಿದವರು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿದೆತ್ಸುಗು ಯಾಗಿ ಮತ್ತು ಶಿಂತಾರೊ ಉದಾ. ವರ್ಷ 1926. ದುಡಿಮೆಯ ಬಹುಪಾಲು ಉದಾ ಅವರದು; ಲೋಕದ ನಾಲಗೆಯ ಮೇಲೆ ನಿಂತದ್ದು ಯಾಗಿ ಅವರ ಹೆಸರು. ಅವರ ದೇಶದವರೇ ಇದನ್ನು ಲಕ್ಷಿಸಲಿಲ್ಲ. 1942ರಲ್ಲಿ ಸಿಂಗಪುರ ಜಪಾನೀಯರ ವಶವಾದಾಗ, ಬ್ರಿಟಿಷರ ರೇಡಾರ್ ಟಿಪ್ಪಣಿ ಪುಸ್ತಕವೊಂದರಲ್ಲಿ ಮತ್ತೆ ಮತ್ತೆ ಬಂದ ‘ಯಾಗಿ’ ಎಂಬ ಶಬ್ದದ ಅರ್ಥ ಅವರಿಗೆ ಹೊಳೆಯಲಿಲ್ಲ. ಅದು ನಿಮ್ಮವನೇ ಒಬ್ಬ ಪ್ರೊಫೆಸರನ ಹೆಸರೆಂದು ಸೆರೆಸಿಕ್ಕ ಬ್ರಿಟಿಷನೇ ತಿಳಿಸಬೇಕಾಯಿತು! ಉದಾ ಅವರು 1950ರ ದಶಕದಲ್ಲಿ ಯುನೆಸ್ಕೋ ತಜ್ಞರಾಗಿ ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆಲಕಾಲ ಇದ್ದರು. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದ ಮೇಲೆ ನಮ್ಮ ತಾರಸಿಗಳ ಮೇಲೆ ಕಾಗೆಗಳಿಗೆ ಉಯ್ಯಾಲೆಯಾದದ್ದೂ ಇದೇ ಯಾಗಿ-ಉದಾ ಆಂಟೆನಾ. ಮಗ ಮೇಲೆ ಹತ್ತಿ ಕಂಬ ತಿರುಗಿಸುವುದು, “ಈಗ ಬಂತೇನಮ್ಮ?” ಎಂದು ಕೂಗುವುದು, ಕೆಳಗಿನಿಂದ “ಬಂತು, ಬಂತು... ಅಯ್ಯೋ, ಹೋಯಿತು!” ಎಂಬ ಉತ್ತರ — ದಿಕ್ಕಿನ ಆಂಟೆನಾದ ತತ್ತ್ವವನ್ನು ನಮ್ಮ ಸಂಸಾರಗಳು ಕಲಿತದ್ದು ಹೀಗೆ.

ಇನ್ನು ಆಯ್ಕೆಯ ಮಾತು. ಕೊಳ್ಳುವವನ ಕಣ್ಣು ಮೊದಲು ಹೋಗುವುದು ಸರಳುಗಳ ಎಣಿಕೆಯ ಮೇಲೆ. ಎರಡಿರುವುದಕ್ಕಿಂತ ಮೂರು ಮೇಲು, ಮೂರಕ್ಕಿಂತ ಐದು ಮೇಲು ಎಂಬ ಲೆಕ್ಕ ಸುಳ್ಳಲ್ಲ; ಆದರೆ ಪೂರಾ ನಿಜವೂ ಅಲ್ಲ. ಒಂಟಿ ಸರಳಿಗೆ ಹೋಲಿಸಿದರೆ ಮೂರು ಸರಳಿನ ಆಂಟೆನಾ ಮುಂದಿನ ದಿಕ್ಕಿಗೆ ಸುಮಾರು ನಾಲ್ಕು ಪಟ್ಟು ಶಕ್ತಿ ಎಸೆಯುತ್ತದೆ. ಐದು ಸರಳಿನದು ಸುಮಾರು ಆರು ಪಟ್ಟು. ಕೇಳುವ ಕಿವಿಯ ಲೆಕ್ಕವೇ ಬೇರೆ. ಸಂಕೇತದ ಬಲ ತೋರುವ ಮುಳ್ಳು ಒಂದು ಮನೆ ಮೇಲೇರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ಮೂರರಿಂದ ಐದಕ್ಕೆ ಹೋದವನಿಗೆ ದೊರೆಯುವುದು ಒಂದು ಮನೆಯ ಮೂರನೆಯ ಒಂದು ಪಾಲು. ಅದಕ್ಕಾಗಿ ಹೊರಬೇಕಾದದ್ದು ಇಪ್ಪತ್ತು ಅಡಿಗೂ ಮೀರಿದ ನಡುಗೊಳವೆ, ಭಾರ, ಗಾಳಿಯ ಒತ್ತಡ, ಬಿರುಗಾಳಿಯ ರಾತ್ರಿಯ ನಿದ್ದೆಗೇಡು. ಮೂರು ಸರಳಿನದು ಗೃಹಸ್ಥನಿಗೆ ಸಾಕೆಂದೇ ನನ್ನ ಅಭಿಪ್ರಾಯ.

ಮಾತು ಕಳಿಸುವುದಕ್ಕಿಂತ ಮಾತು ಕೇಳುವುದರಲ್ಲಿಯೇ ಇಂಥ ಆಂಟೆನಾದ ಉಪಕಾರ ಹೆಚ್ಚು. ಆಕಾಶ ತೆರೆದ ದಿನ ಒಂದೇ ಚಾನೆಲ್‌ನಲ್ಲಿ ನೂರಾರು ಜನ ಒಟ್ಟಿಗೆ ಕೂಗುತ್ತಿರುತ್ತಾರೆ. ಒಳ್ಳೆಯ ಮೂರು ಸರಳಿನ ಆಂಟೆನಾ ಬೆನ್ನ ಹಿಂದಿನ ಗದ್ದಲವನ್ನು ಮುಂದಿನದರ ನೂರನೆಯ ಒಂದು ಪಾಲಿಗೆ ಇಳಿಸಬಲ್ಲದು. ಕದ್ದ ಶಕ್ತಿವರ್ಧಕಕ್ಕೆ ಈ ಗುಣವಿಲ್ಲ. ಅದು ಬಾಯಿಯನ್ನು ದೊಡ್ಡದು ಮಾಡೀತು, ಕಿವಿಯನ್ನಲ್ಲ.

ಸರಳುಗಳಿಗಿಂತ ಮುಖ್ಯವಾದದ್ದು ಎತ್ತರ. ನೆಲದಿಂದ 18 ಅಡಿ ಮೇಲೆ ಅಡ್ಡಲಾಗಿ ಮಲಗಿಸಿದ ಆಂಟೆನಾ ತನ್ನ ಅಲೆಯನ್ನು ಸುಮಾರು 30 ಡಿಗ್ರಿ ಕೋನದಲ್ಲಿ ಮೇಲಕ್ಕೆ ಎಸೆಯುತ್ತದೆ. ಅದನ್ನೇ 36 ಅಡಿಗೆ ಏರಿಸಿದರೆ ಕೋನ ಅದರ ಅರ್ಧಕ್ಕೆ ಇಳಿಯುತ್ತದೆ. ಕಲ್ಲು ಓರೆಯಾದಷ್ಟೂ ಚಿಮ್ಮುವ ದೂರ ಹೆಚ್ಚು. ಐದು ಸರಳಿಗೆ ಸುರಿಯುವ ಹಣವನ್ನು ಗಟ್ಟಿಯಾದ ಕಂಬಕ್ಕೆ ಹಾಕುವುದೇ ಮೇಲು. ಆದರೆ ಅಲ್ಲಿ ಕಾನೂನು ಅಡ್ಡ ನಿಲ್ಲುತ್ತದೆ: ಆಂಟೆನಾದ ತುದಿ ನೆಲದಿಂದ 60 ಅಡಿ, ಅಥವಾ ಅದನ್ನು ನಿಲ್ಲಿಸಿದ ಕಟ್ಟಡಕ್ಕಿಂತ 20 ಅಡಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಕೂಡದು.

ಸರಳನ್ನು ಅಡ್ಡ ಮಲಗಿಸಬೇಕೆ, ನೆಟ್ಟಗೆ ನಿಲ್ಲಿಸಬೇಕೆ? ಲಾರಿ, ಕಾರುಗಳ ಆಂಟೆನಾ ನೆಟ್ಟಗಿರುತ್ತದೆ. ಅವರೊಡನೆ ಮಾತಾಡಬೇಕಾದವನು ತಾನೂ ನೆಟ್ಟಗೆ ನಿಲ್ಲಿಸಬೇಕು. ಆಕಾಶದ ಹಾದಿಯಲ್ಲಿ ಅಲೆ ತಿರುಚಿಕೊಂಡೇ ಬರುವುದರಿಂದ ಅಲ್ಲಿ ಈ ಭೇದ ಇಲ್ಲವೆನ್ನಬಹುದು. ದೂರವೇ ಬೇಕೆನ್ನುವವರು ಅಡ್ಡ ಮಲಗಿಸುತ್ತಾರೆ. ಊರಿನ ಯಂತ್ರಗಳ ಕರಕರೆ ಅದರಲ್ಲಿ ಕಡಿಮೆ.

ಸರಳುಗಳ ಬದಲು ತಂತಿಯ ಚೌಕಗಳನ್ನು ನಿಲ್ಲಿಸಿದ ‘ಕ್ವಾಡ್’ ಎಂಬ ಇನ್ನೊಂದು ಜಾತಿಯುಂಟು. ಅದರ ಹುಟ್ಟು ಸ್ವಾರಸ್ಯಕರ. ಈಕ್ವೆಡಾರಿನ ಕೀಟೋ ನಗರ ಸಮುದ್ರಮಟ್ಟಕ್ಕಿಂತ 2,800 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಎಚ್.ಸಿ.ಜೆ.ಬಿ. ಎಂಬ ಕ್ರೈಸ್ತ ಪ್ರಸಾರ ಕೇಂದ್ರದಲ್ಲಿ ಯಾಗಿ ಆಂಟೆನಾದ ಸರಳುಗಳ ತುದಿಯಿಂದ ರಾತ್ರಿ ಬೆಂಕಿಯ ನಾಲಗೆಗಳು ಚಾಚುತ್ತಿದ್ದವು. ಅಲ್ಯುಮಿನಿಯಮ್ ಕರಗಿ ತೊಟ್ಟಿಕ್ಕುತ್ತಿತ್ತು. ತೆಳುವಾದ ಗಾಳಿ, ತುದಿಯಲ್ಲಿ ಒತ್ತಿ ನಿಂತ ಭಾರೀ ವೋಲ್ಟೇಜು. ತುದಿಯೇ ಇಲ್ಲದ ಆಂಟೆನಾ ಮಾಡಿದರೆ? ಕ್ಲಾರೆನ್ಸ್ ಮೂರ್ ಎಂಬ ಎಂಜಿನಿಯರ್ 1940ರ ದಶಕದ ಆರಂಭದಲ್ಲಿ ಹೀಗೆ ಯೋಚಿಸಿ ತಂತಿಯನ್ನು ಸುತ್ತುಗಟ್ಟಿಸಿದನು. ಅದೇ ಕ್ವಾಡ್. ಅಷ್ಟೇ ಉದ್ದದ ಯಾಗಿಗಿಂತ ಇದು ತುಸು ಬಲಶಾಲಿ. ಆದರೆ ಮಂಜುಗಡ್ಡೆ ಕಟ್ಟುವ ನಾಡುಗಳಲ್ಲಿ, ಗಾಳಿಯ ಊರುಗಳಲ್ಲಿ ಇದರ ಕೈಕಾಲು ಬೇಗ ಮುರಿಯುತ್ತದೆ. ನಾಲ್ಕು ವ್ಯಾಟಿನವನಿಗೆ ಸರಳು ಕರಗುವ ಭಯವಂತೂ ಇಲ್ಲ!

ತಿರುಗಿಸುವ ಮೋಟಾರಿನಲ್ಲಿ ಜಿಪುಣತನ ಸಲ್ಲದು. ಟೆಲಿವಿಷನ್ ಆಂಟೆನಾಕ್ಕೆಂದು ಮಾಡಿದ ಹಗುರ ಮೋಟಾರು 18 ಅಡಿ ಸರಳುಗಳನ್ನು ಹೊತ್ತು ಒಂದು ಚಳಿಗಾಲ ಕಳೆಯುವುದು ಕಷ್ಟ. ಕೇಬಲಿನ ಮಾತೂ ಅಷ್ಟೆ. ನೂರಡಿ ಉದ್ದದ ತೆಳು ಆರ್.ಜಿ.-58 ಕೇಬಲಿನಲ್ಲಿ ನಾಲ್ಕು ವ್ಯಾಟಿನ ಹತ್ತಿರ ಹತ್ತಿರ ಅರ್ಧ ಬಿಸಿಯಾಗಿ ಕಳೆದುಹೋಗುತ್ತದೆ, ದಪ್ಪನೆಯ ಆರ್.ಜಿ.-213ರಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಮಾತ್ರ.

ಕಡೆಯದಾಗಿ, ಮನೆಯ ಹೆಂಗಸರು ಮೊದಲು ಕೇಳಬೇಕಾದ ಪ್ರಶ್ನೆ: ಕಂಬ ಬಿದ್ದರೆ ಎಲ್ಲಿ ಬೀಳುತ್ತದೆ? ಅಮೆರಿಕದ ಬೀದಿಗಳ ತಂತಿಯಲ್ಲಿ 7,200 ವೋಲ್ಟ್ ಹರಿಯುವುದು ಸಾಮಾನ್ಯ. ಸಿ.ಬಿ.ಯ ಹುಚ್ಚು ತಲೆಗೇರಿದ್ದ ವರ್ಷಗಳಲ್ಲಿ, ಆಂಟೆನಾ ಏರಿಸುವಾಗಲೋ ಇಳಿಸುವಾಗಲೋ ಅದು ಆ ತಂತಿಗೆ ತಗುಲಿ ಬಹಳ ಜನ ಸತ್ತರು. ಎಷ್ಟೋ ಕಡೆ ಹಿಡಿದುಕೊಂಡಿದ್ದವರು ತಂದೆ, ಮಗ, ನೆರೆಯವನು ಒಟ್ಟಿಗೇ ಇರುತ್ತಿದ್ದರು. 1978ರಿಂದ ಪ್ರತಿ ಆಂಟೆನಾದ ಮೇಲೂ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂದು ಸರ್ಕಾರ ವಿಧಿಸಿತು. ಕಂಬವೂ ಆಂಟೆನಾವೂ ಸೇರಿ ಎಷ್ಟು ಉದ್ದವೋ ಅದಕ್ಕಿಂತ ಚೆನ್ನಾಗಿ ಹೆಚ್ಚು ದೂರದಲ್ಲಿ ವಿದ್ಯುತ್ ತಂತಿ ಇರಬೇಕು. ಅಷ್ಟು ಜಾಗವಿಲ್ಲದ ಹಿತ್ತಲಿನಲ್ಲಿ ದಿಕ್ಕಿನ ಆಂಟೆನಾದ ವಿಚಾರವನ್ನೇ ಬಿಡಬೇಕು. ಏರಿಸುವಾಗ ಕಂಬ ವಾಲತೊಡಗಿದರೆ ಹಿಡಿದು ನಿಲ್ಲಿಸಲು ಹೋಗದೆ, ಕೈಬಿಟ್ಟು ದೂರ ಸರಿಯಬೇಕೆಂದು ಎಲ್ಲರಿಗೂ ಮೊದಲೇ ಹೇಳಿಟ್ಟಿರಬೇಕು.