ಕಲ್ಲಿದ್ದಲಿಗೆ ಕೊಟ್ಟ ಹವಾಮಾನದ ಸಾಲ

2023ರ ಮುಂಗಾರು ಕೈಕೊಟ್ಟಾಗ ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯ ರೈತರಿಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಕನ್ನಂಬಾಡಿ ಅಣೆಕಟ್ಟೆ ತುಂಬಲಿಲ್ಲ, ವಿ.ಸಿ. ನಾಲೆಯನ್ನು ನೆಚ್ಚುವಂತಿರಲಿಲ್ಲ. ಕೊಳವೆಬಾವಿಯಿಂದಲಾದರೂ ಕಬ್ಬು ಉಳಿಸಿಕೊಳ್ಳೋಣವೆಂದರೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ದಿನಕ್ಕೆ ಐದು ಗಂಟೆಗೆ ಇಳಿಯಿತು. ಇದು ಆ ಒಂದು ವರ್ಷದ ಕಥೆಯಲ್ಲ. ಮಳೆ ಹೋದ ವರ್ಷವೇ ಪಂಪ್‌ಸೆಟ್ ಹೆಚ್ಚು ಓಡಬೇಕು, ಜಲವಿದ್ಯುತ್ ಸೊರಗುವುದೂ ಅದೇ ವರ್ಷ. ಆಗ ಸರ್ಕಾರ ಕಲ್ಲಿದ್ದಲಿನ ಮೊರೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ, ಒಂದೊಂದು ರೈಲು ರೇಕೂ ಹೊರಗಿನಿಂದ ಬರಬೇಕು. ಬಿಸಿಲಿಗೆ ಮಾತ್ರ ಬರಗಾಲದಲ್ಲಿ ಬರವಿಲ್ಲ.

ಇಷ್ಟು ಸರಳವಾದ ಲೆಕ್ಕ ಏಷ್ಯಾಕ್ಕೆ ಸಾಲ ಕೊಡುವ ದೊಡ್ಡ ಬ್ಯಾಂಕುಗಳಿಗೆ ತಡವಾಗಿ ಹೊಳೆಯಿತು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿ ಕಟ್ಟಿದ 2,400 ಮೆಗಾವಾಟ್ ಉಷ್ಣ ಸ್ಥಾವರಕ್ಕೆ ಜಪಾನಿನ ಸರ್ಕಾರಿ ಬ್ಯಾಂಕು ಜೆಬಿಐಸಿ ಸಾಲ ಕೊಟ್ಟಿತು. 2014ರ ಜುಲೈನಲ್ಲಿ ಸ್ಥಾವರವನ್ನು ವಿರೋಧಿಸಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮರುವರ್ಷ ಹೊರಬಿದ್ದ ಸಂಗತಿ ಇನ್ನೂ ಕಹಿ: ಈ ಸಾಲವನ್ನು ಜಪಾನ್ ‘ಹವಾಮಾನ ನೆರವು’ ಎಂದು ಲೆಕ್ಕಕ್ಕೆ ಸೇರಿಸಿತ್ತು. ಹಳೆಯ ಸ್ಥಾವರಗಳಿಗಿಂತ ಕಡಿಮೆ ಕಲ್ಲಿದ್ದಲು ಸುಡುತ್ತದೆ ಎಂಬುದು ಅವರ ಸಮರ್ಥನೆ. ಹೊಲ ಕಳೆದುಕೊಂಡು ಗುಂಡೇಟು ತಿಂದವರ ಊರಿನ ಹೊಗೆಗೆ ಪರಿಸರದ ಹೆಸರಿಡುವುದನ್ನು ನಾನು ಮೋಸವೆಂದೇ ಕರೆಯುತ್ತೇನೆ.

ಗುಜರಾತಿನ ಮುಂದ್ರಾ ಕಲ್ಲಿದ್ದಲು ಸ್ಥಾವರಕ್ಕೆ 2008ರಲ್ಲಿ 45 ಕೋಟಿ ಡಾಲರ್ ಕೊಟ್ಟಿದ್ದ ಏಷ್ಯಾ ಅಭಿವೃದ್ಧಿ ಬ್ಯಾಂಕ್, 2021ರಲ್ಲಿ ಹೊಸ ಕಲ್ಲಿದ್ದಲು ಯೋಜನೆಗೆ ಸಾಲವಿಲ್ಲ ಎಂದಿತು. ಒಳ್ಳೆಯದೇ. ಆದರೆ ಷರತ್ತಿನ ಮೇಲೆ ಅನಿಲಕ್ಕೆ ಬಾಗಿಲು ತೆರೆದಿಟ್ಟಿತು.

ಶುದ್ಧ ಇಂಧನಕ್ಕೆ ಬಂದ ಹಣವಾದರೂ ಎಲ್ಲಿಗೆ ಹೋಗುತ್ತಿದೆ? 2016ರಲ್ಲಿ ವಿಶ್ವಬ್ಯಾಂಕು ಚಾವಣಿ ಸೌರವಿದ್ಯುತ್ತಿಗೆಂದು ಸ್ಟೇಟ್ ಬ್ಯಾಂಕಿಗೆ 62.5 ಕೋಟಿ ಡಾಲರ್ ಮಂಜೂರು ಮಾಡಿತು. ಅದು ಮುಖ್ಯವಾಗಿ ಕಾರ್ಖಾನೆ, ವಾಣಿಜ್ಯ ಕಟ್ಟಡಗಳ ಚಾವಣಿಗೆ. ಅದೇ ಸ್ಟೇಟ್ ಬ್ಯಾಂಕಿನ ಹಳ್ಳಿ ಶಾಖೆಗೆ ರೈತ ಹೋಗುವುದು ಬೆಳೆಸಾಲಕ್ಕೆ. ಇನ್ನು ಪಾವಗಡದ ಸೌರ ಪಾರ್ಕಿನ ಮಾದರಿ ಇಲ್ಲಿ ನಡೆಯದು. ಅಲ್ಲಿ ಸುಮಾರು 13,000 ಎಕರೆ ಒಣಭೂಮಿ ಗುತ್ತಿಗೆಗೆ ಸಿಕ್ಕಿತು. ಮದ್ದೂರು, ಮಳವಳ್ಳಿಯ ನೀರಾವರಿ ಜಮೀನಿನಲ್ಲಿ ಅಷ್ಟು ಜಾಗ ಕೇಳುವುದೇ ತಪ್ಪು.

ಇಲ್ಲಿಗೆ ಬೇಕಾದದ್ದು ಸಬ್‌ಸ್ಟೇಷನ್ ಬಳಿಯ ಪಾಳು ಜಾಗದಲ್ಲಿ, ಪಂಪ್‌ಸೆಟ್ ಫೀಡರಿಗೆಂದೇ ಕಟ್ಟಿದ ಸಣ್ಣ ಸೌರ ಘಟಕ. ಕೇಂದ್ರದ ಕುಸುಮ್ ಯೋಜನೆಯಲ್ಲಿ ಇದಕ್ಕೆ ಅವಕಾಶವಿದೆ. ಹಗಲಲ್ಲೇ ಕರೆಂಟು ಸಿಕ್ಕರೆ ರಾತ್ರಿ ಪಾಳಿಗೆ ಟಾರ್ಚು ಹಿಡಿದು ಗದ್ದೆಗೆ ಹೋಗುವುದು ತಪ್ಪುತ್ತದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಸುತ್ತಲ ಹಳ್ಳಿಗಳಿಗಲ್ಲ. ಈ ಸಲವಾದರೂ ಹೊರಗಿನ ಸಾಲಕ್ಕೆ ಸರ್ಕಾರ ಸಹಿ ಹಾಕುವ ಮೊದಲು ಈ ಎರಡು ತಾಲ್ಲೂಕುಗಳ ಶಾಸಕರು ವಿಧಾನಸಭೆಯಲ್ಲಿ ಎದ್ದು ನಿಂತು, ಆ ಹಣದಲ್ಲಿ ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನ ಎಷ್ಟು ಪಂಪ್‌ಸೆಟ್ ಫೀಡರುಗಳು ಸೌರವಿದ್ಯುತ್ತಿಗೆ ಬದಲಾಗುತ್ತವೆ ಎಂದು ಲಿಖಿತ ಉತ್ತರ ಕೇಳಬೇಕು.