ಸರಸ್ವತಿ ಮನೆ ಬಿಟ್ಟ ದ್ವೀಪ

ಜಪಾನಿನ ಅತಿ ದೊಡ್ಡ ಸರೋವರ ಬಿವಾ. ಅದರ ಉತ್ತರ ಭಾಗದಲ್ಲಿ ಚಿಕುಬುಶಿಮಾ ಎಂಬ ಪುಟ್ಟ ದ್ವೀಪವಿದೆ. ಸುತ್ತಳತೆ ಸುಮಾರು 2 ಕಿಲೋಮೀಟರ್. ನಾಗಹಾಮಾ ಪಟ್ಟಣದಿಂದ ದೋಣಿಯಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ಸಂಸಾರ ಹೂಡಿದವರು ಯಾರೂ ಇಲ್ಲ. ಅರ್ಚಕರು, ಅಂಗಡಿಯವರು ಬೆಳಿಗ್ಗೆ ದೋಣಿಯಲ್ಲಿ ಬಂದು ಸಂಜೆ ಮರಳುತ್ತಾರೆ. ಇರುಳು ಉಳಿಯುವವರು ದೇವರುಗಳು ಮಾತ್ರ. ಅವರೂ ಎರಡು ಬೇರೆ ಬೇರೆ ಇಲಾಖೆಗೆ ಸೇರಿದವರು!

ಕಡಿದಾದ 165 ಕಲ್ಲುಮೆಟ್ಟಿಲು ಹತ್ತಿದರೆ ಹೋಗೊನ್‌ಜಿ ಎಂಬ ಬೌದ್ಧ ದೇವಾಲಯ. ಅಲ್ಲಿರುವ ಬೆಂಝೈತೆನ್ ನಮ್ಮ ಸರಸ್ವತಿಯೇ. ಬೌದ್ಧ ಸೂತ್ರಗಳ ಜೊತೆ ಚೀನಾ ದಾಟಿ ಬಂದವಳು. ಆದರೆ ವೀಣೆ ಹಿಡಿದ ಶಾರದೆಯನ್ನು ಹುಡುಕುವ ಕನ್ನಡಿಗರ ಕಣ್ಣಿಗೆ ಇವಳು ಥಟ್ಟನೆ ದುರ್ಗೆಯಂತೆ ಕಂಡಾಳು: ಎಂಟು ತೋಳು, ಕೈಯಲ್ಲಿ ಕತ್ತಿ, ಬಿಲ್ಲು, ಬಾಣ. ಮೂಲವಿಗ್ರಹದ ದರ್ಶನವಂತೂ 60 ವರ್ಷಕ್ಕೊಮ್ಮೆ.

ಕೆಳಗೆ, ನೀರಿಗೆ ಮುಖ ಮಾಡಿರುವುದು ತ್ಸುಕುಬುಸುಮಾ ಎಂಬ ಗುಡಿ, ಜಪಾನಿನ ದೇಶೀ ಧರ್ಮವಾದ ಶಿಂಟೊಗೆ ಸೇರಿದ್ದು. ಇಚಿಕಿಶಿಮಾಹಿಮೆ ಎಂಬ ಜಲದೇವಿ ಇಲ್ಲಿ ಪೂಜೆಗೊಳ್ಳುತ್ತಾಳೆ. ಈ ದೇವಿಯೂ ಸರಸ್ವತಿಯೂ ಒಬ್ಬಳೇ ಎಂದು ಶತಮಾನಗಳ ಕಾಲ ಜನ ನಂಬಿದ್ದರು. ಒಂದೇ ದ್ವೀಪ, ಒಂದೇ ನೀರು, ಒಬ್ಬಳೇ ತಾಯಿ. ಯಾರಿಗೂ ತಕರಾರಿರಲಿಲ್ಲ.

ತಕರಾರು ಬಂದದ್ದು ಸರ್ಕಾರಕ್ಕೆ. 1868ರಲ್ಲಿ ಅಧಿಕಾರಕ್ಕೆ ಬಂದ ಮೇಜಿ ಆಡಳಿತ, ಶಿಂಟೊ ದೇವರನ್ನೂ ಬುದ್ಧನನ್ನೂ ಬೇರ್ಪಡಿಸಬೇಕೆಂದು ಆಜ್ಞೆ ಹೊರಡಿಸಿತು. ಚಕ್ರವರ್ತಿಯ ನಾಡಿಗೆ ಕಲಬೆರಕೆಯಿಲ್ಲದ ದೇಶೀ ದೇವರು ಬೇಕಿತ್ತು. ಅಧಿಕಾರಿಗಳು 927ರಲ್ಲಿ ಪೂರ್ಣಗೊಂಡ 'ಎಂಗಿಶಿಕಿ' ಎಂಬ ಕಟ್ಟಳೆಗಳ ಗ್ರಂಥ ತೆರೆದು, ಈ ದ್ವೀಪದಲ್ಲಿ ಶಿಂಟೊ ಗುಡಿಯ ಹೆಸರಷ್ಟೇ ಇದೆ, ಬೌದ್ಧ ದೇವಾಲಯದ ಹೆಸರಿಲ್ಲ ಎಂದು ತೋರಿಸಿದರು. ಸಾವಿರ ವರ್ಷದ ಭಕ್ತಿಯನ್ನು ಒಂದು ಪಟ್ಟಿ ಸೋಲಿಸಿತು. ಬೆಂಝೈತೆನ್ ಇದ್ದ ಮುಖ್ಯ ಮಂದಿರವೇ ಶಿಂಟೊ ಗುಡಿಯಾಯಿತು. ಮನೆ ಇಚಿಕಿಶಿಮಾಹಿಮೆಗೆ, ವಿಗ್ರಹ ಬೌದ್ಧರಿಗೆ. ಅಷ್ಟು ದೂರದಿಂದ ಬಂದು ನೆಲೆಸಿದ್ದ ಸರಸ್ವತಿ ತನ್ನ ಮನೆಯಿಂದಲೇ ಹೊರಬಿದ್ದಳು. ಅವಳಿಗೆ ಮತ್ತೊಂದು ಮುಖ್ಯ ಮಂದಿರ ಎದ್ದು ನಿಂತದ್ದು 1942ರಲ್ಲಿ. ಕಡತಗಳ ನ್ಯಾಯ ಎಲ್ಲ ದೇಶದಲ್ಲೂ ಒಂದೇ ವೇಗದ್ದು.

ಆ ಹಳೆಯ ಮನೆ ಸಾಮಾನ್ಯದ್ದಲ್ಲ. ಇಂದು ಅದು ರಾಷ್ಟ್ರೀಯ ಸಂಪತ್ತು. ಅದರ ನಡುಭಾಗ, ಜಪಾನನ್ನು ಒಂದುಗೂಡಿಸಿದ ಸೇನಾನಿ ಹಿದೆಯೊಶಿಯ ಫುಶಿಮಿ ಕೋಟೆಯಿಂದ ಬಂದದ್ದೆಂಬ ಮಾತಿದೆ. ಬೌದ್ಧ ದೇವಾಲಯದ ಬಣ್ಣಬಣ್ಣದ ಕೆತ್ತನೆಯ ಹೆಬ್ಬಾಗಿಲು ಅವನ ಒಸಾಕಾ ಕೋಟೆಯ ಸೇತುವೆಯ ಭಾಗವೆಂದು ತಜ್ಞರು ಹೇಳುತ್ತಾರೆ. ಒಸಾಕಾ ಕೋಟೆ 1615ರಲ್ಲಿ ಉರಿದುಹೋಯಿತು. ಅದಕ್ಕೂ ಮೊದಲೇ ದ್ವೀಪ ಸೇರಿದ್ದ ಬಾಗಿಲು ಉಳಿಯಿತು.

ದೇವಾಲಯಕ್ಕೂ ಗುಡಿಗೂ ನಡುವೆ ಮರದ ಓಣಿಯೊಂದಿದೆ, ಇಳಿಜಾರಿನ ಮೇಲೆ ಕಂಬಗಳನ್ನೂರಿ ಕಟ್ಟಿದ್ದು. ಹಿದೆಯೊಶಿಯ ಹಡಗಿನ ಮರದಿಂದ ಮಾಡಿದ್ದೆಂದು ಪ್ರತೀತಿ. ಸರ್ಕಾರ ದೇವರುಗಳಿಗೆ ಪಾಲು ಮಾಡಿಕೊಟ್ಟಿತು, ಓಣಿಯನ್ನು ಕೆಡವಲಿಲ್ಲ. ದೇವಾಲಯದಲ್ಲಿ ಸದ್ದಿಲ್ಲದೆ ಕೈಮುಗಿಯಬೇಕು. ಗುಡಿಯಲ್ಲಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಓಣಿ ದಾಟಿ ಬಂದವರು ಕೆಲವರು ಬೌದ್ಧ ದೇವರ ಮುಂದೆಯೂ ಚಪ್ಪಾಳೆ ತಟ್ಟಿಬಿಡುತ್ತಾರೆ. ನನಗೆ ಅದು ತಪ್ಪೆನಿಸುವುದಿಲ್ಲ. ಇಬ್ಬರನ್ನೂ ಒಂದೇ ಎಂದು ಕಾಣುವುದು 1868ಕ್ಕಿಂತ ಹಳೆಯ ಅಭ್ಯಾಸ.

ಗುಡಿಯ ಎದುರಿನ ನಾಗದೇವತೆಯ ಪೂಜಾಸ್ಥಳದಲ್ಲಿ ಇನ್ನೊಂದು ಆಟವಿದೆ. ಎರಡು ಪುಟ್ಟ ಮಣ್ಣಿನ ತಟ್ಟೆ ಕೊಳ್ಳಬೇಕು. ಒಂದರ ಮೇಲೆ ಹೆಸರು, ಇನ್ನೊಂದರ ಮೇಲೆ ಹರಕೆ ಬರೆದು, ಕೆಳಗೆ ಸರೋವರದಂಚಿನಲ್ಲಿ ನಿಂತ ತೋರಿ ಕಮಾನಿನ ನಡುವೆ ತೂರುವಂತೆ ಎಸೆಯಬೇಕು. ತೂರಿದರೆ ಹರಕೆ ಫಲಿಸಿತು. ಗಾಳಿ ಹೆಚ್ಚಿನವನ್ನು ಅಡ್ಡ ಕೊಂಡೊಯ್ಯುತ್ತದೆ. ಕಮಾನಿನ ಬುಡದಲ್ಲಿ ಚೂರುಗಳು ರಾಶಿ ಬಿದ್ದಿವೆ. ಪರೀಕ್ಷೆ, ಮದುವೆ, ಮಂಡಿನೋವು ಎಲ್ಲವೂ ಅಲ್ಲಿ ಬೆರೆತುಹೋಗಿವೆ.

ಯಾತ್ರಿಕರು ಪುಸ್ತಕದಲ್ಲಿ ಹಾಕಿಸಿಕೊಳ್ಳುವ ಮುದ್ರೆ ಮಾತ್ರ ದೇವಾಲಯದ್ದೇ ಬೇರೆ, ಗುಡಿಯದ್ದೇ ಬೇರೆ. ದ್ವೀಪಕ್ಕೆ ಕಾಲಿಟ್ಟಾಗ ಕೊಳ್ಳುವ ಟಿಕೆಟ್ ಎರಡಕ್ಕೂ ಸೇರಿ ಒಂದೇ.