ಮಾತೃಫಲಕದ ಆಯ್ಕೆ

ಗಣಕಯಂತ್ರದ ವಿಚಾರವನ್ನು ಈ ಪುಟದಲ್ಲಿ ಎತ್ತಿಕೊಂಡುದಕ್ಕಾಗಿ ವಾಚಕರು ನಮ್ಮನ್ನು ಕ್ಷಮಿಸಬೇಕು. ಹೋಳಿಗೆಯ ಹದ, ಕೂಸಿನ ಕೆಮ್ಮು, ಹುಡುಗರ ಓದು ಇವುಗಳ ನಡುವೆ ಇದೆಲ್ಲಿಯದೆಂದು ಕೆಲವು ಸೋದರಿಯರು ಕೇಳಬಹುದು. ಆದರೆ ನಮ್ಮ ಕಾಳಗಿಯಂತಹ ಊರಿನಲ್ಲಿಯೂ ಒಂದು ಮನೆಯ ಅನ್ನವು ಈ ಯಂತ್ರದಿಂದಲೇ ಹುಟ್ಟುತ್ತಿರುವಾಗ, ಅದು ಗೃಹಕೃತ್ಯದ ಹೊರಗಿನದೆಂದು ಹೇಳುವುದೆಂತು? ಮೇಲಾಗಿ, ಈ ಸಂಗತಿಯಲ್ಲಿ ತಪ್ಪಿದವರು ನಾವೇ ಆಗಿರುವುದರಿಂದ ಅದನ್ನು ಹೇಳಿಕೊಳ್ಳುವುದು ನಮ್ಮ ಕರ್ತವ್ಯವೂ ಆಗಿದೆ.

2018ರಲ್ಲಿ ಕಾಳಗಿಯು ತಾಲೂಕಿನ ಕೇಂದ್ರವಾದಂದಿನಿಂದ ಪಹಣಿ, ಆದಾಯದ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಂದು ಸುತ್ತಣ ಹಳ್ಳಿಗಳ ಜನರು ಇಲ್ಲಿಗೆ ಬರುವುದು ಹೆಚ್ಚಿತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ತಂದೆಯಿಲ್ಲದವಳು, ಅರ್ಜಿ ತುಂಬಿಕೊಡುವ ಅಂಗಡಿಯೊಂದನ್ನು ತೆರೆಯಲು ನಿಶ್ಚಯಿಸಿದಳು. ದೊರೆತ ಜಾಗವು ಒಂದು ಗೂಡು. ಮೇಜಿನ ಅಗಲವು ಎರಡೂವರೆ ಅಡಿ. ತಾಯಿಯು ತೊಗರಿ ಮಾರಿ ಕೂಡಿಟ್ಟ ಹಣವೇ ಬಂಡವಾಳ. "ಸರ, ಸಣ್ಣದೊಂದು ಕಂಪ್ಯೂಟರ್ ಜೋಡಿಸಬೇಕಾಗ್ಯದ, ನೀವೇ ನೋಡಿ ಹೇಳ್ರಿ" ಎಂದು ಅವಳು ಕೇಳಲಾಗಿ, ಇಂಗ್ಲೀಷು ಬಲ್ಲೆವೆಂಬ ಹಮ್ಮಿನಿಂದ ನಾವು ಒಪ್ಪಿಕೊಂಡೆವು.

ಗಣಕದ ಬಿಡಿ ಅಂಗಗಳನ್ನೆಲ್ಲ ಹೊತ್ತು, ಒಂದಕ್ಕೊಂದನ್ನು ಹೊಂದಿಸುವ ಹಲಗೆಗೆ ಮದರ್‌ಬೋರ್ಡೆಂದು ಹೆಸರು. ಮಾತೃಫಲಕವೆಂದು ನಾವು ಕರೆದರೆ ಮೊಮ್ಮಕ್ಕಳು ನಗುತ್ತಾರೆ, ನಗಲಿ. ಅದರ ಗಾತ್ರಗಳಲ್ಲಿ ಮೂರು ಪ್ರಸಿದ್ಧವಾದವು. 1995ರಲ್ಲಿ ಇಂಟೆಲ್ ಸಂಸ್ಥೆಯವರು ಗೊತ್ತುಪಡಿಸಿದ ಎಟಿಎಕ್ಸ್ ಎಂಬುದು 305ಕ್ಕೆ 244 ಮಿಲಿಮೀಟರು. ಅದರ ತಮ್ಮನಾದ ಮೈಕ್ರೊ ಎಟಿಎಕ್ಸ್ 244ಕ್ಕೆ 244, ಎಂದರೆ ಗೇಣಿಗಿಂತ ತುಸು ಹೆಚ್ಚು. 2001ರಲ್ಲಿ ತೈವಾನಿನ ವಿಐಎ ಸಂಸ್ಥೆಯವರು ಹೊರತಂದ ಮಿನಿ ಐಟಿಎಕ್ಸ್ 170ಕ್ಕೆ 170, ಮುಕ್ಕಾಲು ಗೇಣು.

ನಾವು ಮಾಡಿದ್ದೇನು? ಸೇಡಮ್ಮಿನಿಂದ ರೈಲು ಹಿಡಿದು ಸಿಕಂದರಾಬಾದಿಗೆ ಹೋಗಿ, ಕಣ್ಣಿಗೆ ಚೆಂದವಾಗಿ ಕಂಡ ಪುಟ್ಟ ಕ್ಯಾಬಿನೆಟ್ಟೊಂದನ್ನು ಮೊದಲು ಕೊಂಡೆವು. ಬಳಿಕ ಬೇರೊಂದು ಅಂಗಡಿಯಲ್ಲಿ ಫಲಕವನ್ನು ನೋಡಲು, ಮಿನಿ ಐಟಿಎಕ್ಸಿನ ಬೆಲೆಯು ಹೆಚ್ಚೂಕಡಮೆ ಇಮ್ಮಡಿಯಿದ್ದಿತು. ಮೈಕ್ರೊ ಎಂದರೂ ಸಣ್ಣದೇ ತಾನೆ ಎಂದು ಅಗ್ಗದ್ದನ್ನೇ ತಂದೆವು. ಸಂಜೆ ಅವಳ ಮನೆಯ ಪಡಸಾಲೆಯಲ್ಲಿ ಎಲ್ಲವನ್ನೂ ಬಿಚ್ಚಿದಾಗ ಅವಳು ಫಲಕವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ, "ಸರ, ಇದು ಕೂಡವಲ್ದು" ಎಂದಳು. ಆ ಕ್ಯಾಬಿನೆಟ್ಟು 170ರ ಫಲಕಕ್ಕೆ ಮಾತ್ರ ಮಾಡಿದ್ದಾಗಿತ್ತು. ಅವಳ ತಾಯಿ ಏನೂ ಅನ್ನಲಿಲ್ಲ. ಒಳಗೆ ಹೋಗಿ ಚಹಾ ತಂದಿಟ್ಟರು. ಆ ಚಹಾ ನಮ್ಮ ಗಂಟಲಿಗಿಳಿಯಲಿಲ್ಲ.

ಪದಗಳು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಹುಡುಗರಿಗೆ ಮೂವತ್ತು ವರ್ಷ ಬಾಯಿಪಾಠ ಮಾಡಿಸಿದವರು ನಾವು. ಬೆಂಕಿಯಿಂದ ಗಿಡವನ್ನು ನೆನೆಸೆಂದರೆ ಪದಗಳು ನೆರೆದಿದ್ದರೂ ಯೋಗ್ಯತೆಯಿಲ್ಲದ್ದರಿಂದ ಅರ್ಥ ಹುಟ್ಟದು. ಪೆಟ್ಟಿಗೆ, ಫಲಕಗಳನ್ನು ಒಂದೇ ಚೀಲದಲ್ಲಿ ಸನ್ನಿಧಿಗೊಳಿಸಿ ತಂದ ನಮಗೆ ಯೋಗ್ಯತೆಯನ್ನು ಅಳೆಯಬೇಕೆಂಬ ನೆನಪಾಗಲಿಲ್ಲ. ಅಂಗಡಿಯವರನ್ನು ದೂರಿ ಫಲವೇನು? ನಾವು ಕೇಳಿರಲೇ ಇಲ್ಲ.

ಫಲಕವನ್ನು ಬದಲಿಸುವುದಕ್ಕಿಂತ ಕ್ಯಾಬಿನೆಟ್ಟನ್ನು ಬದಲಿಸುವುದು ಅಗ್ಗವಾಗಿ ಕಂಡಿತು. ನೆಟ್ಟಗೆ ನಿಲ್ಲುವ, ಒಂದು ಗೇಣಿನಷ್ಟೇ ಅಗಲವುಳ್ಳ ಕ್ಯಾಬಿನೆಟ್ಟನ್ನು ತಂದು ಮೇಜಿನ ಮೂಲೆಯಲ್ಲಿ ನಿಲ್ಲಿಸಿದಾಗ ಅದು ಹಿಡಿದ ಸ್ಥಳವು ಮೊದಲಿನದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮೊದಲಿನ ಪೆಟ್ಟಿಗೆಯ ಬೆಲೆಯನ್ನು ನಾವು ಭರಿಸಿದೆವು. ಅದರಲ್ಲಿ ಈಗ ನಮ್ಮ ಹಳೆಯ ಪಂಚಾಂಗಗಳಿವೆ.

ಆದರೂ ತೊಡಕು ತೀರಲಿಲ್ಲ. ಎಲ್ಲವನ್ನೂ ಜೋಡಿಸಿ ಗುಂಡಿಯೊತ್ತಲು ಬೀಸಣಿಗೆ ತಿರುಗಿತೇ ಹೊರತು ಪರದೆಯಲ್ಲಿ ಚಿತ್ರ ಮೂಡಲಿಲ್ಲ. ಫಲಕದೊಳಗೆ ಬಯಾಸ್ ಎಂಬ ಮೂಲಲಿಪಿಯೊಂದಿರುತ್ತದೆ. ತನ್ನ ತರುವಾಯ ಹುಟ್ಟಿದ ಪ್ರೊಸೆಸರನ್ನು ಅದು ಗುರುತಿಸಲಾರದು. ಸಾಕೆಟ್ಟು ಒಂದೇ ಆದರೂ ಹೀಗಾಗುವುದುಂಟು. 2016ರಿಂದ ಹಲವು ತಲೆಮಾರುಗಳ ಪ್ರೊಸೆಸರುಗಳನ್ನು ಹೊತ್ತ ಎಎಂ4 ಸಾಕೆಟ್ಟಿನಲ್ಲಿ ವಿಶೇಷವಾಗಿ. ಕೆಲವು ಫಲಕಗಳಲ್ಲಿ ಪ್ರೊಸೆಸರಿನ ನೆರವಿಲ್ಲದೆಯೇ ಬಯಾಸನ್ನು ಹೊಸದು ಮಾಡುವ ಗುಂಡಿಯಿರುತ್ತದೆ, ನಮ್ಮದರಲ್ಲಿರಲಿಲ್ಲ. ಕಲಬುರಗಿಯ ತರುಣನೊಬ್ಬನು ತನ್ನ ಹಳೆಯ ಪ್ರೊಸೆಸರನ್ನು ಒಂದು ಗಳಿಗೆ ಅದರಲ್ಲಿ ಕೂಡಿಸಿ ಆ ಕೆಲಸವನ್ನು ಮಾಡಿಕೊಟ್ಟನು. ದುಡ್ಡು ಮುಟ್ಟಲಿಲ್ಲ.

ಇಂತಹ ಯಂತ್ರವನ್ನು ಜೋಡಿಸಬೇಕೆಂಬವರು ಕೆಲಸದಿಂದ ಆರಂಭಿಸಿ ಪೆಟ್ಟಿಗೆಯಲ್ಲಿ ಮುಗಿಸತಕ್ಕದ್ದು. ನಮ್ಮಂತೆ ತಿರುಗುಮುರುಗಾಗಿ ಅಲ್ಲ. ಪ್ರೊಸೆಸರು ಗೊತ್ತಾದರೆ ಸಾಕೆಟ್ಟು ಗೊತ್ತಾಗುವುದು, ಸಾಕೆಟ್ಟಿನಿಂದ ಬಹುಮಟ್ಟಿಗೆ ರ‍್ಯಾಮ್ ಗೊತ್ತಾಗುವುದು. ಎಎಂ4 ಫಲಕಕ್ಕೆ ಡಿಡಿಆರ್4, 2022ರಲ್ಲಿ ಬಂದ ಎಎಂ5 ಫಲಕಕ್ಕೆ ಡಿಡಿಆರ್5. ಇಂಟೆಲ್ಲಿನ 1700 ಸಾಕೆಟ್ಟಿನಲ್ಲಿ ಮಾತ್ರ ಕೆಲವು ಫಲಕಗಳಿಗೆ ಅದು, ಕೆಲವಕ್ಕೆ ಇದು. ಆದುದರಿಂದ ಫಲಕದ ಹೆಸರನ್ನು ಪೂರ್ತಿ ಓದಬೇಕು. ಎರಡರ ನಡುವಣ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುವುದರಿಂದ ಒಂದು ಇನ್ನೊಂದರಲ್ಲಿ ಕೂಡದು. ಬಲವಂತ ಮಾಡಿದರೆ ಮುರಿಯುವುದು.

ಫಲಕದ ಬೆನ್ನನ್ನು ನೋಡುವುದು ಅಂಗಡಿಯಿಡುವವರಿಗೆ ಎಲ್ಲಕ್ಕಿಂತ ಮುಖ್ಯ. ಆಧಾರಿನ ಬೆರಳಚ್ಚಿನ ಯಂತ್ರ, ಪ್ರಿಂಟರು, ಸ್ಕ್ಯಾನರು, ಕೀಲಿಮಣೆ, ಮೌಸು, ಗಿರಾಕಿಯು ತರುವ ಪೆನ್‌ಡ್ರೈವು ಇವಕ್ಕೇ ಆರು ಯುಎಸ್‌ಬಿ ಕಂಡಿಗಳು ತೀರಿದವು. ಅವಳ ಹಳೆಯ ಪರದೆಗೆ ವಿಜಿಎ ತಂತಿಯೊಂದೇ ಇದ್ದಿತು. ನಮ್ಮ ಅಗ್ಗದ ಫಲಕದಲ್ಲಿ ಆ ಕಂಡಿಯಿದ್ದುದು ನಮ್ಮ ಜಾಣತನವಲ್ಲ, ಅವಳ ಪುಣ್ಯ. ಫಲಕದಲ್ಲಿ ಕಂಡಿಯಿದ್ದರೂ ಪ್ರೊಸೆಸರಿನಲ್ಲಿ ಚಿತ್ರಶಕ್ತಿಯಿಲ್ಲದಿದ್ದರೆ ಏನೂ ಮೂಡದೆಂಬುದನ್ನೂ ತಿಳಿದಿರಬೇಕು. ಇಂಟೆಲ್ಲಿನವುಗಳಲ್ಲಿ ಹೆಸರಿನ ಕೊನೆಗೆ ಎಫ್ ಎಂದಿದ್ದರೆ ಆ ಶಕ್ತಿಯಿಲ್ಲವೆಂದರ್ಥ.

ಇನ್ನು ನಮ್ಮ ಸೀಮೆಯ ಬಿಸಿಲು. ವೈಶಾಖದಲ್ಲಿ ನಲವತ್ತು ಡಿಗ್ರಿಗೆ ಮೀರಿದ ಗಾಳಿಯೇ ಪೆಟ್ಟಿಗೆಯೊಳಗೂ ಸೇರತಕ್ಕದ್ದು. ಪ್ರೊಸೆಸರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗವು ಫಲಕದ ಮೇಲೆಯೇ ಇದ್ದು, ಅಗ್ಗದವುಗಳಲ್ಲಿ ಅದಕ್ಕೆ ಲೋಹದ ಹೊದಿಕೆಯಿರುವುದಿಲ್ಲ. ಅಂತಹದಕ್ಕೆ 65 ವ್ಯಾಟಿನ ಪ್ರೊಸೆಸರು ಸಾಕು. ಅರ್ಜಿ ತುಂಬುವುದಕ್ಕೆ ಅದೂ ಹೆಚ್ಚೇ. ವಾಡಿ, ಶಹಾಬಾದಗಳ ಕಡೆ ಸಿಮೆಂಟು, ಕಲ್ಲುಗಳ ಧೂಳಿನಲ್ಲಿರುವವರು ತಿಂಗಳಿಗೊಮ್ಮೆ ತಂತಿ ಕಿತ್ತು ಮೆತ್ತನೆಯ ಬ್ರಶ್ಶಿನಿಂದ ಬೀಸಣಿಗೆಯನ್ನು ಝಾಡಿಸುವುದು ಒಳ್ಳೆಯದು.

ಒಂದು ವಿಷಯದಲ್ಲಿ ದೊಡ್ಡ ಫಲಕವು ಉಪಕಾರವನ್ನೇ ಮಾಡಿತು. ಮಿನಿ ಐಟಿಎಕ್ಸಿನಲ್ಲಿ ರ‍್ಯಾಮಿಗೆ ಎರಡೇ ಸ್ಲಾಟುಗಳಿರುವುದು ವಾಡಿಕೆ, ಇದರಲ್ಲಿ ನಾಲ್ಕಿದ್ದವು. ಮೊದಲು ಒಂದನ್ನೇ ತುಂಬಿದ್ದೆವು. ದೀಪಾವಳಿಯ ಹೊತ್ತಿಗೆ ಕೆಲಸವು ಹೆಚ್ಚಿ ಯಂತ್ರವು ತಡವರಿಸತೊಡಗಲು, ಅವಳು ತನ್ನ ಗಳಿಕೆಯಿಂದಲೇ ಇನ್ನೊಂದು ರ‍್ಯಾಮನ್ನು ತರಿಸಿ, ಕಚ್ಚನ್ನು ನೋಡಿ, ತಾನೇ ಕೂಡಿಸಿಕೊಂಡಳಂತೆ. ಈ ಸಲ ನಮ್ಮನ್ನು ಕೇಳಲಿಲ್ಲ.